ಹಂಡೆ ಒಲೆಗೆ ಹೋದ ಸೋರೆ ಬೀಜ

ನಾನು ಇನ್ನೂ ಚಿಕ್ಕವಳು, ಒಂಬತ್ತು ಮುಗಿದು ಹತ್ತಕ್ಕೆ ಕಾಲಿಟ್ಟಿದ್ದೆ ಅಷ್ಟೆ. ಆಗ ಒಂದು ದಿನ ನಮ್ಮ ನಂಜನಗೂಡಿನ ಮನೆಯ ಹಿತ್ತಲನ್ನು ಒಬ್ಬಳೇ ಕ್ಲೀನ್ ಮಾಡಲು ಹೊರಟೆ. ಆ ದಿನ ಈ ನಿಮ್ಮ ಅಜ್ಜಿ ಮಾಡಿದ ಕೆಲಸವನ್ನು ನಿಮ್ಮ ಅಮ್ಮನಿಗೂ ಇದುವರೆಗೆ ಹೇಳಿಲ್ಲ.

ಆಗ ನಾನು ಮೈಸೂರಿನ ಕಾನ್ವೆಂಟೊಂದರಲ್ಲಿ ಬೋರ್ಡರ್. ಆರು ವರ್ಷಕ್ಕೇ ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದರು. ಊರಿಗೆ ಬರುತ್ತಿದ್ದುದು ದಸರಾ, ಕ್ರಿಸ್‌ಮಸ್ ಮತ್ತು ಬೇಸಿಗೆ ರಜಕ್ಕೆ ಮಾತ್ರ. ಆ ವರ್ಷ ಶಿವರಾತ್ರಿಗೆ ಮುಂಚೆಯೇ ಹಾಸ್ಟೆಲಿನಲ್ಲಿ ಚಿಕನ್ ಪಾಕ್ಸ್ ಎದ್ದು, ಸಿಸ್ಟರ್‌ಗಳು ನಮ್ಮನ್ನೆಲ್ಲ ಮನೆಗೆ ಕಳಿಸಿಬಿಟ್ಟರು. ನೀವು ಈಗಲೂ ಹತ್ತಿ ಬರುತ್ತೀರಲ್ಲ, ಅದೇ ಪುಟ್ಟ ರೈಲಿನಲ್ಲಿ ಅಪ್ಪನ ಪಕ್ಕ ಕೂತು ಬಂದೆ. ಕಿಟಕಿಯಿಂದ ಮಾವಿನ ಹೂವಿನ ವಾಸನೆ ಬರುತ್ತಿತ್ತು. ಹೊಂಗೆ ಮರಗಳ ಎಳೆ ಚಿಗುರು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಆದರೆ ಬಾಗಿಲಲ್ಲಿ ನಿಂತು ಕಾಯಲು ಅವ್ವ ಇರಲಿಲ್ಲ. ಅವ್ವ ಜ್ವರ ಬಂದು ತೀರಿಕೊಂಡು ಮೂರು ತಿಂಗಳಾಗಿತ್ತು. ಹದಿನಾರು ವರ್ಷದ ಅಕ್ಕನೇ ಮನೆ ನಡೆಸುತ್ತಿದ್ದಳು.

ಮಾರನೆಯ ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅಪ್ಪ, ಈ ಸಲವೂ ಸೋರೆ ಚಪ್ಪರ ಹಾಕೋಣ ಎಂದರು. ಅಷ್ಟೇ ಮಾತು. ಅಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವ್ವ ಹೋದ ಮೇಲೆ ಅಪ್ಪ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಆ ಸೋರೆ ಅವ್ವನ ತವರು ಸೋಮನಾಥಪುರದಿಂದ ಬಂದದ್ದು. ಗಿಡ್ಡ ಕತ್ತು, ತಿಳಿ ಹಸಿರು, ಬೆಣ್ಣೆಯ ಹಾಗೆ ಬೇಯುವ ಕಾಯಿ. ತವರಿನಲ್ಲಿ ಅದು ಅಷ್ಟರಲ್ಲಾಗಲೇ ನಿಂತುಹೋಗಿತ್ತು, ನಮ್ಮ ಹಿತ್ತಲಲ್ಲಿ ಮಾತ್ರ ಉಳಿದಿದೆ ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಚಪ್ಪರಕ್ಕೆ ಬಿದಿರಿನ ಗಳ ತರಲು ಅಪ್ಪ ಗೊತ್ತಿದ್ದವರ ಲಾರಿಯಲ್ಲಿ ಟಿ. ನರಸೀಪುರಕ್ಕೆ ಹೊರಟರು. ಅಕ್ಕ ಬಟ್ಟೆಯ ಗಂಟು ಹೊತ್ತು ಕಪಿಲಾ ಹೊಳೆಗೆ ಹೋದಳು.

ನಾನು ಹಿತ್ತಲಿಗೆ ಹೋಗಿ ನಿಂತೆ. ಅಯ್ಯೋ, ಎಷ್ಟು ಅನ್‌ಟೈಡಿ ಎನಿಸಿತು. ಒಣಗಿದ ಅವರೆ ಬಳ್ಳಿ ಬೇಲಿಗೆ ಜೋತುಬಿದ್ದಿತ್ತು. ಹಳೆಯ ಚಪ್ಪರ ಒಂದು ಕಾಲು ಮುರಿದು ಕುಂಟುತ್ತಿತ್ತು. ಪಾತಿಗಳ ತುಂಬ ತರಗೆಲೆ. ನಮ್ಮ ಕಾನ್ವೆಂಟಿನ ಗಾರ್ಡನ್ ಹೀಗಿರಲಿಲ್ಲ. ಅಲ್ಲಿ ಪಾತಿಯ ಸುತ್ತ ಸುಣ್ಣ ಬಳಿದ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟು, ಸ್ಪ್ರಿಂಗ್ ಬರುವ ಮುಂಚೆ ಎಲ್ಲವೂ ನೀಟ್ ಆಗಿರಬೇಕು ಎಂದು ಸಿಸ್ಟರ್ ನಮ್ಮ ಕೈಲಿ ಒಂದೊಂದು ಎಲೆಯನ್ನೂ ಆರಿಸುತ್ತಿದ್ದರು. ಸಾಯಂಕಾಲ ಅಪ್ಪ ಗಳ ಇಳಿಸುವಷ್ಟರಲ್ಲಿ ಹಿತ್ತಲನ್ನು ಹಾಗೇ ಮಾಡಿ ಸರ್‌ಪ್ರೈಸ್ ಕೊಡಬೇಕು ಎಂದು ಫ್ರಾಕಿನ ಬೆಲ್ಟು ಬಿಗಿದುಕೊಂಡೆ.

ಬಳ್ಳಿ ಎಳೆದು ರಾಶಿ ಹಾಕಿದೆ. ತರಗೆಲೆ ಗುಡಿಸಿದೆ. ಒಡೆದ ಇಟ್ಟಿಗೆಗಳನ್ನು ಹುಡುಕಿ ತಂದು ಸುಣ್ಣ ಬಳಿದು ನೆಟ್ಟೆ. ಮಣ್ಣು ಕೆದಕಿದಾಗ ಬಂದ ತಣ್ಣನೆಯ ವಾಸನೆ, ಉಗುರಿನ ಸಂದಿಯಲ್ಲಿ ಉರಿಯುವ ಸುಣ್ಣ, ಬೆನ್ನಿಗೆ ಬಿಸಿಲು. ಎಷ್ಟು ಖುಷಿಯಾಗಿತ್ತು ಗೊತ್ತಾ? ಆಮೇಲೆ ತಲೆ ಎತ್ತಿದರೆ ಕೊಟ್ಟಿಗೆಯ ಗೋಡೆ ಕಾಣಿಸಿತು. ಸೂರಿನ ಕೆಳಗೆ, ಸಾಲಾಗಿ, ಅಂಗೈ ಅಗಲದ ಸಗಣಿಯ ಬಿಲ್ಲೆಗಳು ಒಣಗಿ ಬೂದಿ ಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದವು. ಬೆರಣಿ ಎಂದುಕೊಂಡೆ. ಗೋಡೆಯ ಮೇಲೆ ಸಗಣಿ ನೋಡಿದರೆ ಸಿಸ್ಟರ್ ಏನೆನ್ನುತ್ತಿದ್ದರೋ! ಕುಡುಗೋಲಿನ ಹಿಂಬದಿಯಿಂದ ಒಂದೊಂದನ್ನೇ ಎಬ್ಬಿಸಿದೆ. ಪಟ್ ಪಟ್ ಎಂದು ಕಿತ್ತು ಬಂದವು. ಎಲ್ಲವನ್ನೂ ಫ್ರಾಕಿನಲ್ಲಿ ತುಂಬಿಕೊಂಡು ಬಚ್ಚಲಿಗೆ ಹೋಗಿ ಹಂಡೆಯ ಒಲೆಗೆ ಒಟ್ಟಿದೆ. ಅಪ್ಪ ಬರುವ ಹೊತ್ತಿಗೆ ಬಿಸಿನೀರೂ ಸಿದ್ಧವಾಗಿರಲಿ ಎಂದು.

ಬೆಂಕಿ ಹತ್ತಿದ ಮೇಲೆ ಒಲೆಯೊಳಗಿಂದ ಚಟಪಟ ಸದ್ದು ಶುರುವಾಯಿತು. ಬೆರಣಿ ಹೀಗೆ ಸಿಡಿಯುವುದನ್ನು ನಾನು ಕೇಳಿರಲಿಲ್ಲ. ಹೊಗೆಯ ಜೊತೆ ಒಂದು ಘಮ ಬಂತು, ಕುಂಬಳದ ಬೀಜ ಹುರಿದ ಹಾಗೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಘಮವನ್ನು ಎಳೆದುಕೊಂಡೆ. ಸಿಲ್ಲಿ ಗರ್ಲ್, ಆಗಲಾದರೂ ಹೊಳೆಯಬಾರದಿತ್ತೇ?

ಅಕ್ಕ ಒದ್ದೆ ಬಟ್ಟೆ ಹೊತ್ತು ಬಂದಳು. ಹಿತ್ತಲ ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. ನೆಟ್ಟ ಇಟ್ಟಿಗೆ ನೋಡಿದಳು, ಗೋಡೆ ನೋಡಿದಳು. ತೊಳೆದ ಬಟ್ಟೆಯ ಗಂಟು ಹಾಗೇ ಮಣ್ಣಿನ ಮೇಲೆ ಬಿತ್ತು. ಓಡಿಬಂದವಳೇ ಒಲೆಗೆ ಕೈ ಹಾಕಿ ಉರಿಯುತ್ತಿದ್ದ ಬಿಲ್ಲೆಯೊಂದನ್ನು ಎಳೆದು, ಕಲ್ಲಿನ ಮೇಲೆ ಕುಟ್ಟಿ ಒಡೆದಳು. ಒಳಗೆ ಸುಟ್ಟು ಕರಿಕಲಾದ ಸೋರೆ ಬೀಜಗಳಿದ್ದವು, ಹಲ್ಲಿನ ಹಾಗೆ ಸಾಲಾಗಿ.

“ಇದು ಬೆರಣಿ ಅಲ್ಲ ಕಣೇ, ಬೀಜ,” ಎಂದಳು ಅಕ್ಕ. ಅವಳ ದನಿ ಅವಳದೇ ಅಲ್ಲ ಎನಿಸಿತು. “ಕಾರ್ತೀಕದಲ್ಲಿ ಅವ್ವ ತಟ್ಟಿದ್ದು. ಅಪ್ಪ ಇದಕ್ಕೇ ಗಳ ತರೋಕೆ ಹೋಗವ್ರೆ. ಬಂದು ಬೀಜ ಎಲ್ಲಿ ಅಂದ್ರೆ ಏನಂತೀಯ?”

ಹುಳ ಹಿಡಿಯದಿರಲೆಂದು ಬೀಜವನ್ನು ಸಗಣಿ, ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಪ್ರತಿ ವರ್ಷ ಅವ್ವ ಅದನ್ನು ತಟ್ಟುವ ಕಾಲಕ್ಕೆ ನಾನು ಮೈಸೂರಿನಲ್ಲಿ ಮಲ್ಟಿಪ್ಲಿಕೇಶನ್ ಟೇಬಲ್ ಒಪ್ಪಿಸುತ್ತಿದ್ದೆ. ಹೀರೆ, ಸೌತೆ, ಕುಂಬಳ ಎಲ್ಲವೂ ಹೋಗಿತ್ತು. ಅವು ಯಾವ ಮನೆಯಲ್ಲಾದರೂ ಸಿಗುತ್ತವೆ. ಆದರೆ ಸೋರೆ?

ಅಕ್ಕ ಬೈಯಲಿಲ್ಲ, ಹೊಡೆಯಲಿಲ್ಲ. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಬೇಲಿಯಾಚೆ ನೋಡಿದಳು. ಹಿಂದಿನ ಓಣಿಯ ಹಾಲಿನಜ್ಜಿಗೆ ಅವ್ವ ಬಳಕೆ, ಅವಳ ಹತ್ತಿರ ಇದ್ದರೂ ಇರಬಹುದು, ಹೋಗಿ ಕೇಳು ಎಂದಳು. ನೀನೂ ಬಾ ಎಂದು ಅವಳ ಸೆರಗು ಹಿಡಿದೆ. ಸುಟ್ಟವಳು ನೀನು, ಕೇಳುವವಳೂ ನೀನೇ ಎಂದು ಸೆರಗು ಬಿಡಿಸಿಕೊಂಡಳು.

ಹಾಲಿನಜ್ಜಿ ಎಂದರೆ ನನಗೆ ಪುಕುಪುಕು. ನಮ್ಮ ಹಸು ಬತ್ತಿದಾಗಲೆಲ್ಲ ಮನೆಗೆ ಹಾಲು ಹಾಕುವವಳು. ನನ್ನ ಶೂಸು, ರಿಬ್ಬನ್ನು ಕಂಡರೆ ಸಾಕು, ರೇಗಿಸುತ್ತಿದ್ದಳು. ಅಂದೂ ಎಮ್ಮೆಗೆ ಹುಲ್ಲು ಹಾಕುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನವ್ವ ಇಂಗ್ಲೀಸಮ್ಮ, ನಮ್ಮಟ್ಟಿ ದಾರಿ ಎಂಗ್ ಸಿಕ್ತು ಇವತ್ತು?”

ನಾನು ತೊದಲುತ್ತಾ ಹೇಳಿದೆ. ಅವಳು ಮೊದಲು ನಕ್ಕಳು, ಎಲೆಯಡಿಕೆಯ ಕೆಂಪು ಬಾಯಿ ತೆರೆದು, ಎಮ್ಮೆಯೂ ತಿರುಗಿ ನೋಡುವ ಹಾಗೆ. “ಬೀಜದ ಬಿಲ್ಲೇಲಿ ನೀರ್ ಕಾಸ್ದಾ? ಇದ್ನೇನಾ ಆ ಇಸ್ಕೂಲಲ್ಲಿ ಕಲ್ಸದು?” ಅದು ಅವ್ವನ ಕೈಯ ಬೀಜ, ಸೋರೆಯದು ಎಂದಾಗ ಆ ನಗು ಅರ್ಧಕ್ಕೇ ನಿಂತಿತು. ಬಾಯಲ್ಲಿದ್ದದ್ದನ್ನು ಉಗಿದು ಬಂದಳು. ನನ್ನ ಸುಣ್ಣದ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಳಗೆ ಹೋದಳು.

ಅವಳ ಮನೆಯ ಒಳಗೋಡೆಯಲ್ಲೂ ಬಿಲ್ಲೆಗಳ ಸಾಲಿತ್ತು. ಅದರಲ್ಲೊಂದನ್ನು ಮೆಲ್ಲಗೆ ಕಿತ್ತು ತಂದಳು. ಹಿಂದೆ ಯಾವಾಗಲೋ ಅವ್ವನೇ ಕೊಟ್ಟಿದ್ದ ಬೀಜದಿಂದ ಬೆಳೆದದ್ದಂತೆ. ನನಗೆ ಎಷ್ಟು ಜೀವ ಬಂತೆಂದರೆ, ಥ್ಯಾಂಕ್ಯೂ ಅಜ್ಜಿ ಎಂದು ಎರಡೂ ಕೈ ಚಾಚಿದೆ. ಅವಳು ಬಿಲ್ಲೆಯನ್ನು ಬೆನ್ನ ಹಿಂದಕ್ಕೆ ಸರಿಸಿದಳು.

“ಬರಿಗೈಲಿ ಬೀಜ ಈಸ್ಕೊಂಡ್ರೆ ಉಟ್ಟಾಕಿಲ್ಲ ಕಣ ಕೂಸೆ. ಓಗಿ ಒಂದಿಡಿ ರಾಗಿ ತಕಬಾ.”

ಓಡಿದೆ. ಅಕ್ಕ ಆಗಲೇ ರಾಗಿಯನ್ನು ಬಟ್ಟಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಏದುಸಿರು ಬಿಡುತ್ತಾ ಮತ್ತೆ ಹೋದಾಗ ಅಜ್ಜಿ ರಾಗಿಯನ್ನು ಸೆರಗಿಗೆ ಸುರಿದುಕೊಂಡು, ಬಿಲ್ಲೆಯನ್ನು ಮಂಡಿಯ ಮೇಲಿಟ್ಟು ಎರಡು ಹೋಳು ಮಾಡಿದಳು. ಒಂದು ಹೋಳು ನನಗೆ ಕೊಟ್ಟು, ಇನ್ನೊಂದನ್ನು ಗೂಡಿನಲ್ಲಿಟ್ಟಳು. ನನ್ನ ಮುಖ ನೋಡಿ ಅವಳೇ ಹೇಳಿದಳು: “ಎಲ್ಲಾನೂ ಕೊಟ್ಬುಟ್ರೆ, ನಾಳೀಕ್ ನೀನು ಇನ್ನೊಂದ್ಸಲ ಸುಟ್ರೆ ಎಲ್ಲಿಗ್ ಬತ್ತೀಯ?”

ಅಪ್ಪ ಬಂದಾಗ ಬಿಸಿಲು ಇನ್ನೂ ಹಿತ್ತಲಿನ ಬೇಲಿಯ ಮೇಲಿತ್ತು. ಗಳಗಳನ್ನು ಇಳಿಸಿ, ಬೆವರು ಒರೆಸಿಕೊಂಡು ನನ್ನ ಬಿಳಿ ಇಟ್ಟಿಗೆಗಳನ್ನು ನೋಡಿ ನಕ್ಕರು. ಸೋರೆ ಬೀಜ ಸಿಕ್ಕಿದೆಯಲ್ಲ, ಇನ್ನೇನು, ಅಪ್ಪನಿಗೆ ಗೊತ್ತಾಗುವುದೇ ಬೇಡ ಎಂದು ಒಳಗೊಳಗೇ ಪ್ರೇ ಮಾಡುತ್ತಿದ್ದೆ. ಅಪ್ಪ ಕಾಲು ತೊಳೆಯಲು ಕೊಟ್ಟಿಗೆಯ ಪಕ್ಕಕ್ಕೆ ಹೋದರು. ಅಲ್ಲೇ ನಿಂತುಬಿಟ್ಟರು. ಗೋಡೆಯ ಮೇಲೆ ಬಿಲ್ಲೆಗಳಿದ್ದ ಜಾಗದಲ್ಲಿ ಮಾಸಿದ ಗುಂಡು ಗುಂಡು ಕಲೆಗಳು ಮಾತ್ರ ಉಳಿದಿದ್ದವು.

ನಾನೇ ಹೋಗಿ ಎಲ್ಲವನ್ನೂ ಹೇಳಿ, ಹಾಲಿನಜ್ಜಿ ಕೊಟ್ಟ ಹೋಳನ್ನು ಚಾಚಿದೆ. ಅಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿದರು. “ಸಾಕು ಬಿಡು ಮಗ. ಒಂದು ಬಳ್ಳಿ ಎದ್ರೂ ಸಾಕು,” ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, ಖಾಲಿಯಾದ ಒಂದು ಕಲೆಯ ಮೇಲೆ ಕೈಯಿಟ್ಟು, ಸದ್ದಿಲ್ಲದೆ ಅತ್ತರು. ಬೀಜ ಸುಟ್ಟಾಗ ಆದ ಶಾಕ್ ಇದರ ಮುಂದೆ ಏನೂ ಅಲ್ಲ. ಅವ್ವ ಹೋದ ದಿನವೂ ಅಪ್ಪ ಅತ್ತದ್ದನ್ನು ನಾನು ಕಂಡಿರಲಿಲ್ಲ. ಬೀಜ ಸಿಕ್ಕಿತಲ್ಲ, ಮತ್ತೆ ಯಾಕೆ ಎಂದು ಗಾಬರಿಯಾಗಿ ಅಕ್ಕನನ್ನು ನೋಡಿದೆ.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮೆತ್ತಗೆ ಹೇಳಿದಳು. ಹಸಿ ಸಗಣಿ ತಟ್ಟಿದರೆ ಪ್ರತಿ ಬಿಲ್ಲೆಯ ಮೇಲೂ ಕೈಯ ಗುರುತು ಉಳಿಯುತ್ತದೆ. ಮೂರು ತಿಂಗಳಿಂದ ಅಪ್ಪ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದರಂತೆ. ಹಸುವಿನ ಮೈ ಸವರುತ್ತಿದ್ದಾರೆ ಎಂದು ಅಕ್ಕನೂ ಅಂದುಕೊಂಡಿದ್ದಳಂತೆ. ಒಂದು ದಿನ ಹತ್ತಿರ ಹೋಗಿ ನೋಡಿದರೆ, ಅವ್ವನ ಬೆರಳ ಗುರುತಿನ ಮೇಲೆ ಅಪ್ಪ ತಮ್ಮ ಬೆರಳುಗಳನ್ನು ಇಟ್ಟು ನಿಂತಿದ್ದರಂತೆ.

ಮಾರನೆಯ ದಿನ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ಅಪ್ಪ ನನ್ನ ಕೈಯಿಂದಲೇ ಬೀಜ ಊರಿಸಿದರು. ನಾನು ಶಾಲೆಗೆ ಹಿಂತಿರುಗಿದ ಮೇಲೆ ಅಕ್ಕ ಕಾರ್ಡು ಬರೆದಳು, ಮೂರು ಬಳ್ಳಿ ಎದ್ದಿವೆ ಎಂದು. ಡಾರ್ಮಿಟರಿಯಲ್ಲಿ ಆ ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ.

ಈಗ ನಿಮ್ಮ ಅಮ್ಮ ಟೆರೇಸಿನ ಪಾಟುಗಳಿಗೆಂದು ಮೈಸೂರಿನ ಅಂಗಡಿಯಿಂದ ಬೀಜದ ಪ್ಯಾಕೆಟ್ಟು ತರುತ್ತಾಳೆ. ಅದರ ಮೇಲೆ ಕಾಯಿಯ ಕಲರ್ ಫೋಟೋ, ಎಕ್ಸ್‌ಪೈರಿ ಡೇಟು, ಎಷ್ಟು ಇಂಚು ಆಳಕ್ಕೆ ಊರಬೇಕು ಎಂಬುದೂ ಇರುತ್ತದೆ. ಒಂದು ಹಾಳಾದರೆ ಇನ್ನೊಂದು ಸಿಗುತ್ತದೆ, ಯಾರ ಬಾಗಿಲಲ್ಲೂ ನಿಲ್ಲಬೇಕಿಲ್ಲ. ವೆರಿ ಕನ್ವೀನಿಯಂಟ್, ನಾನೂ ಒಪ್ಪುತ್ತೇನೆ. ನಿಮ್ಮ ಹುಟ್ಟುಹಬ್ಬಗಳೆಲ್ಲ ಸಿ.ಡಿ.ಯಲ್ಲಿವೆ. ನಾನು ಸೆರಗು ಸರಿಮಾಡಿಕೊಳ್ಳುವುದೂ, ಕೆಮ್ಮುವುದೂ ಅದರಲ್ಲಿದೆ ಎಂದು ತೋರಿಸಿ ನಗುತ್ತೀರಿ. ನಮ್ಮ ಮನೆಯಲ್ಲಿ ಕ್ಯಾಮೆರಾ ಇರಲಿಲ್ಲ. ಅವ್ವನದು ಒಂದೇ ಒಂದು ಫೋಟೋ ಕೂಡ ಇಲ್ಲ. ಅವಳ ಮೂಗು ಹೇಗಿತ್ತು ಎಂದು ನೀವು ಕೇಳಿದರೆ ನನಗೆ ಈಗ ಸರಿಯಾಗಿ ನೆನಪಾಗುವುದಿಲ್ಲ. ಸೋರೆ ಆ ಬೇಸಿಗೆಯಲ್ಲೂ ಕಾಯಿ ಬಿಟ್ಟಿತು, ಆಮೇಲೆ ಎಷ್ಟೋ ಬೇಸಿಗೆಗಳಲ್ಲಿ ಬಿಟ್ಟಿತು. ಅವ್ವನ ಬೆರಳುಗಳನ್ನು ಮಾತ್ರ ನಾನೇ ಒಲೆಗೆ ಹಾಕಿಬಿಟ್ಟಿದ್ದೆ, ಮಕ್ಕಳೇ. ಅವನ್ನು ಕೊಡಲು ಯಾವ ಮನೆಯ ಗೋಡೆಯಲ್ಲೂ ಇನ್ನೊಂದು ಹೋಳು ಇರಲಿಲ್ಲ.