ಐದು ಹೆಡೆಯ ನೀರು

ಸಾಲು ರಜೆ ಬಂದರೆ ನಾವಿರುವ ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ಕಾರುಗಳೆಲ್ಲ ಎಲ್ಲೋರದ ಕಡೆ ತಿರುಗುತ್ತವೆ. “ಆ ಗದ್ದಲದಾಗ ನಾ ಬರೂದಿಲ್ರಿ. ಯಾರೂ ಹೋಗಲಾರದ ಜಾಗಾ ಹುಡುಕ್ರಿ,” ಎಂದಳು ಹೆಂಡತಿ. ಹಾಗಾಗಿ ಎಲ್ಲೋರವನ್ನು ದಾಟಿ ಪೀತಳಖೋರಾ ಗುಹೆಗಳಿಗೆ ಬಂದೆವು.

ಮೆಟ್ಟಿಲಿಳಿದು ಕಣಿವೆ ಸೇರುವಾಗ ಒಂದೇ ಬಾಟಲಿ ನೀರು ಉಳಿದಿತ್ತು. ನಮ್ಮನ್ನು ಬಿಟ್ಟರೆ ಅಲ್ಲಿದ್ದವನು ಕಾವಲುಗಾರ ಮಾತ್ರ. ನೀರಿದೆಯೇ ಎಂದು ಮರಾಠಿಯಲ್ಲಿ ಕೇಳಿದ. ಪಾಪ, ಬಾಯಾರಿರಬೇಕೆಂದು ಬಾಟಲಿ ಕೊಟ್ಟೆ. ಅವನು ಮೇಲೆ ಹತ್ತಿ ಹೋಗಿ ಅಷ್ಟನ್ನೂ ಬಂಡೆಯ ತೂತಿಗೆ ಸುರಿದ.

“ಅಯ್ಯ, ಇದ್ದದ್ದ ಒಂದ ಬಾಟ್ಲಿ ಅಲ್ಲೇನ್ರಿ,” ಎಂದು ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದಳು.

ಕಾವಲುಗಾರ ಮೇಲಿನಿಂದಲೇ ಬೆರಳು ಮಾಡಿ, ಮೆಟ್ಟಿಲ ಪಕ್ಕದಲ್ಲಿ ಕೆತ್ತಿದ್ದ ಐದು ಹೆಡೆಯ ಹಾವನ್ನು ತೋರಿಸಿದ. ಕಲ್ಲು ಒಣಗಿಯೇ ಇತ್ತು. ಆಮೇಲೆ ಒಂದು ಹೆಡೆ ಒದ್ದೆಯಾಯಿತು. ನೋಡನೋಡುತ್ತ ಐದರಿಂದಲೂ ದಾರದಂಥ ಧಾರೆ ಇಳಿಯತೊಡಗಿತು. ಬಂಡೆಯ ಹೊಟ್ಟೆಯೊಳಗೆ ಯಾರೋ ಎಂದೋ ಕೊರೆದಿಟ್ಟ ದಾರಿ ಇನ್ನೂ ಕಟ್ಟಿಕೊಂಡಿರಲಿಲ್ಲ.

ಹೆಂಡತಿ ಚಪ್ಪಲಿ ಬಿಟ್ಟು, ಬೊಗಸೆಯೊಡ್ಡಿ ಒಂದು ಗುಟುಕು ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡಳು. ಬೆಳಿಗ್ಗೆ ನಮ್ಮ ಅಡುಗೆಮನೆಯ ಫಿಲ್ಟರಿನಿಂದ ನಾನೇ ತುಂಬಿಸಿ ತಂದಿದ್ದ ನೀರಿಗೆ ನಾನೂ ಕೈಯೊಡ್ಡಿದೆ.