ಮೀಸಲು ಬಿಟ್ಟ ಕೋಳಿ

ನನ್ನ ಗಂಡ ತೀರಿಹೋದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ನನ್ನ ಚಿಕ್ಕ ಮಗಳು ಸಂಜೆ ಹೊತ್ತು ಮನೆಯೊಳಗೆ ಕಾಲಿಡಲಿಲ್ಲ. ಶಾಲೆಯಿಂದ ಬಂದವಳು ಜಗಲಿಯ ಮೇಲೆ ಬ್ಯಾಗು ಇಟ್ಟುಕೊಂಡು, ನಾನು ಬರುವವರೆಗೆ ಬೀದಿಯ ತುದಿಯನ್ನೇ ನೋಡುತ್ತಾ ಕೂತಿರುತ್ತಿದ್ದಳು. ಮಳೆ ಬಂದರೆ ಗೋಡೆಗೆ ಒತ್ತಿಕೊಳ್ಳುತ್ತಿದ್ದಳೇ ಹೊರತು ಒಳಗೆ ಹೋಗುತ್ತಿರಲಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಗಿರಾಕಿಗಳು ಬಿಚ್ಚಿ ನೋಡಿ ಬಿಟ್ಟುಹೋದ ಸೀರೆಗಳನ್ನು ಮಡಿಸಿಡುವುದು, ಹೊಸ ಸೀರೆಗಳ ಅಂಚಿನಲ್ಲಿ ಉಳಿದ ದಾರದ ತುದಿಗಳನ್ನು ಚಿಕ್ಕ ಕತ್ತರಿಯಿಂದ ಕತ್ತರಿಸುವುದು ನನ್ನ ಕೆಲಸ. ಮನೆ ಸೇರುವಾಗ ಆರೂವರೆ ದಾಟುತ್ತದೆ. ಮಕ್ಕಳು ನಾಲ್ಕೂವರೆಗೇ ಬರುತ್ತಾರೆ. ದೊಡ್ಡವಳಿಗೆ ಹತ್ತು ವರ್ಷ, ಬೀಗದ ಕೈ ಅವಳ ಹತ್ತಿರ ಇರುತ್ತದೆ. ಚಿಕ್ಕವಳಿಗೆ ಆರು.

ನನ್ನ ಗಂಡ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಕಾಮಾಲೆ ಬಂತು, ನಾಟಿ ಔಷಧ ಕುಡಿದರು, ಕಡಿಮೆಯಾಯಿತು ಅಂದುಕೊಂಡೆವು. ಆಮೇಲೆ ಹೊಟ್ಟೆ ಊದಿಕೊಂಡಿತು. ಮೈಸೂರಿನ ಆಸ್ಪತ್ರೆಗೆ ಹೊರಟ ದಿನ ಆಟೋ ಬಾಗಿಲಲ್ಲಿ ನಿಂತಿತ್ತು. ಚಿಕ್ಕವಳು ಅವರ ಕಾಲು ತಬ್ಬಿಕೊಂಡು ಬಿಡಲಿಲ್ಲ. ಅವರು ಅವಳನ್ನು ಎತ್ತಿ ಒಳಗೆ ಬಿಟ್ಟು, "ಒಳ್ಗೇ ಆಟ ಆಡ್ಕೊ ಮಗ, ಸಂಜೆ ಬಂದ್ಬುಡ್ತೀನಿ" ಅಂದರು. ಅವಳು ಒಳಗೇ ಆಡಿಕೊಂಡಳು. ಇಪ್ಪತ್ತು ದಿನದ ಮೇಲೆ ಅವರನ್ನು ಕರೆತಂದದ್ದು ಆಂಬ್ಯುಲೆನ್ಸಿನಲ್ಲಿ.

ಅವಳು ಜಗಲಿ ಬಿಡದಿರುವುದಕ್ಕೆ ಕಾರಣ ಇದೇ ಎಂದು ನನಗೆ ತಿಳಿದದ್ದು ತುಂಬ ತಡವಾಗಿ. ಒಂದು ದಿನ ಬೈದಾಗ ಅವಳೇ ಹೇಳಿದಳು. "ನಾನು ಒಳಗೋದ್ರೆ ನೀನು ಬರಲ್ಲ."

ಶಾಲೆಯ ಟೀಚರ್ ಹೇಳಿದರು, "ಒಂದು ಪ್ರಾಣಿ ಸಾಕಿ ನೋಡಿ. ಮನೇಲಿ ಉಸಿರಾಡೋದು ಏನಾದ್ರೂ ಇದ್ರೆ ಒಳಗೆ ಹೋಗೋಕೆ ಧೈರ್ಯ ಬರುತ್ತೆ."

ನಾನು ಹುಡುಕಲು ಶುರು ಮಾಡಿದೆ. ಕಚ್ಚಬಾರದು, ಪರಚಬಾರದು, ದಿನವಿಡೀ ಒಂಟಿಯಾಗಿದ್ದರೆ ಕೊರಗಬಾರದು, ಎರಡು ಕೋಣೆಯಲ್ಲಿ ಹಿಡಿಸಬೇಕು. ಇನ್ನೊಂದು ಇತ್ತು, ಅದನ್ನು ಯಾರಿಗೂ ಹೇಳಲಿಲ್ಲ. ಬೇಗ ಸಾಯಬಾರದು. ಆದರೆ ನಾನು ಬಾಯಿಬಿಡದ ಈ ಮಾತನ್ನು ದೊಡ್ಡವಳು ಹೋದಲ್ಲೆಲ್ಲ ಕೇಳಿಯೇ ಬಿಡುತ್ತಿದ್ದಳು. "ಇದು ಎಷ್ಟು ವರ್ಷ ಬದುಕುತ್ತೆ?"

ಮೊದಲು ಹನೂರಿಗೆ ಹೋದೆವು. ಅಲ್ಲಿ ನನ್ನ ಗಂಡನ ಅಕ್ಕನ ಮನೆಯಲ್ಲಿ ನಾಯಿ ಮರಿ ಹಾಕಿತ್ತು. "ಯಾವ್ದ್ ಬೇಕೋ ತಕ ಓಗಮ್ಮಿ, ನಾಕವೆ," ಅಂದರು. ಅವರ ಭಾವಮೈದುನ ಜೋರಾಗಿ ನಕ್ಕು, "ಇವೇನ್ ನಾಯಿ ಬುಡಿ. ಒಡೆಯರಪಾಳ್ಯದ್ ಟಿಬೆಟ್‌ನೋರ್ ತಾವ ಓದ್ರೆ ಉದ್ದ ಕೂದ್ಲಿಂದು ಸಿಕ್ತದೆ. ಕರಡಿ ಮರಿ ತಂದವ್ರೆ ಅಂತ ಬೀದಿಯೋರೆಲ್ಲ ನೋಡಾಕ್ ಬರ್ಬೇಕು" ಅಂದ. ಕಂದು ಬಣ್ಣದ ಮರಿಯೊಂದನ್ನು ಚಿಕ್ಕವಳು ಎತ್ತಿಕೊಂಡಳು. ಅದು ಆಟಕ್ಕೇ ಅವಳ ಬೆರಳು ಕಚ್ಚಿತು. ಗಾಯವಾಗಲಿಲ್ಲ. ಆದರೂ ಸೋಪು ಹಚ್ಚಿ ನಲ್ಲಿಯ ಕೆಳಗೆ ಬೆರಳು ಹಿಡಿಸಿ, ಮತ್ತೆ ಮತ್ತೆ ತೊಳೆದೆ. ಕೊಳ್ಳೇಗಾಲಕ್ಕೆ ಬಂದವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ.

ನಮ್ಮ ಬೀದಿಯಲ್ಲಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರಿದ್ದಾರೆ. ಅವರನ್ನು ಕೇಳಿದೆ.

"ನೀವು ಬೆಳಗ್ಗೆ ಹೋಗಿ ಸಂಜೆ ಬತ್ತೀರಿ. ಅಲ್ಲೀಗಂಟ ನಾಯಿ ಎಲ್ಲಿರ್ತದೆ?"

"ಕಟ್ಟಿರ್ತೀನಿ ಸಾ."

"ದಿನವೆಲ್ಲ ಕಟ್ಟಾಕಿದ ನಾಯಿ ಬೇಜಾರಿಗೇ ಕಚ್ಚೋದು ಕಲೀತದೆ. ನಾಯಿದೇನೂ ತಪ್ಪಿಲ್ಲ. ಮನೇಲ್ ಜನ ಇರೋರು ಸಾಕ್ಬೇಕು ಕಣಮ್ಮ."

ಮನೇಲ್ ಜನ ಇರೋರು. ಆ ಮಾತನ್ನು ಅವರು ನೋಯಿಸಲೆಂದು ಹೇಳಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟೆ, ಅಳತೆ ತಪ್ಪಿ ಮತ್ತೆ ನಾಲ್ಕು ಜನಕ್ಕೆ ಇಟ್ಟಿದ್ದೆ.

ಆಮೇಲೆ ಯಳಂದೂರಿನಲ್ಲಿ ಮೊಲ ನೋಡಿದೆವು. ನಮ್ಮ ಅಂಗಡಿಗೆ ಸೀರೆ ತಂದುಕೊಡುವ ನೇಕಾರರೊಬ್ಬರ ಮನೆ. ಬಿಳಿ ಮೊಲ, ಕೆಂಪು ಕಣ್ಣು, ಹತ್ತಿಯ ಉಂಡೆಯಂತಿತ್ತು. ಇದೇ ಆಗಲಿ ಅಂದುಕೊಂಡೆ. ಚಿಕ್ಕವಳು ಎತ್ತಿಕೊಂಡ ಕೂಡಲೇ ಅದು ಹಿಂಗಾಲು ಝಾಡಿಸಿ ಅವಳ ಮುಂಗೈ ಗೀರಿತು. ಮನೆಯಾಕೆ ಪ್ರಾಮಾಣಿಕರು. "ಎತ್ಕಳೋದು ಇದುಕ್ ಆಗಾಕಿಲ್ಲ ಕಣವ್ವ. ಪಟಾಕಿ ಸದ್ದಿಗೆ, ಬೆಕ್ಕು ಇಣುಕುದ್ರೆ, ಎದುರಿಕೆಗೇ ಸತ್ತೋಯ್ತವೆ. ಓದ್ ತಿಂಗ್ಳು ಇದರ ಜೋಡಿ ಅಂಗೇ ಓಯ್ತು" ಅಂದರು.

ಈ ಸಲ ದೊಡ್ಡವಳು ಏನೂ ಕೇಳಲಿಲ್ಲ. ತಂಗಿಯ ಕೈಯಿಂದ ಮೊಲ ತೆಗೆದು ಗೂಡಿಗೆ ಬಿಟ್ಟು, "ಬಸ್ಸು ಬರುತ್ತೆ, ಹೋಗಣ ಬಾ" ಅಂದಳು.

ಗಾಜಿನ ಬುಡ್ಡಿಯ ಮೀನನ್ನು ಚಿಕ್ಕವಳೇ ಬೇಡ ಅಂದಳು. ಕರೆದರೆ ಅದಕ್ಕೆ ಕೇಳಿಸಲ್ಲವಂತೆ. ಪಕ್ಕದ ಬೀದಿಯವನು ಗಿಣಿ ಹಿಡಿದುಕೊಡುತ್ತೇನೆ ಅಂದಾಗ ದೊಡ್ಡವಳು ಅವನ ಮುಖಕ್ಕೇ, "ಗಿಣಿ ಸಾಕಿದ್ರೆ ಫಾರೆಸ್ಟ್‌ನವ್ರು ಹಿಡ್ಕೊಂಡು ಹೋಗ್ತಾರೆ, ನಮ್ಮ ಮಿಸ್ ಹೇಳವ್ರೆ" ಅಂದಳು. ಅಲ್ಲಿಗೆ ನಾನು ಹುಡುಕುವುದನ್ನು ಬಿಟ್ಟೆ. ಮಗಳು ಜಗಲಿಯಲ್ಲಿ ಕೂರುವುದನ್ನು ಬಿಡಲಿಲ್ಲ.

ಧನಗೆರೆಯಲ್ಲಿ ನಮ್ಮ ಅತ್ತೆ ಇದ್ದಾರೆ. ಮೈದುನನ ಸಂಸಾರದ ಜೊತೆ ಇರುವವರು, ಕೈಕಾಲು ಗಟ್ಟಿಯಾಗಿದೆ, ಈಗಲೂ ಕಳೆ ಕೀಳಲು ಹೋಗುತ್ತಾರೆ. ಮಗ ಹೋದ ಮೇಲೆ ಅವರು ನಮ್ಮ ಮನೆಗೆ ಬಂದಿರಲಿಲ್ಲ. ನಾನೂ ಹೆಚ್ಚು ಹೋಗುತ್ತಿರಲಿಲ್ಲ. ಇಬ್ಬರೂ ಎದುರೆದುರು ಕೂತರೆ ನನ್ನ ಗಂಡನ ಮಾತು ಬಿಟ್ಟು ಬೇರೆ ಮಾತಿರಲಿಲ್ಲ, ಅದನ್ನು ಆಡಲು ಇಬ್ಬರಿಗೂ ಆಗುತ್ತಿರಲಿಲ್ಲ. ಒಂದು ಭಾನುವಾರ ಮಕ್ಕಳು ಹಟ ಮಾಡಿದರೆಂದು ಹೋದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತಿರುಗಿ ನೋಡಿದರೆ ಚಿಕ್ಕವಳು ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮಡಿಲಲ್ಲಿ ಕಂದು ಬಣ್ಣದ ಕೋಳಿ. ಅದು ಒದ್ದಾಡಲಿಲ್ಲ, ಕುಕ್ಕಲಿಲ್ಲ. ಕಣ್ಣು ಮುಚ್ಚಿ ಕೂತಿತ್ತು.

"ಅಮ್ಮ, ಇದರ ಕಾಲಿಗೆ ಯಾರೋ ದಾರ ಕಟ್ಟವ್ರೆ. ಊದ್ಕೊಂಡದೆ."

ನನಗೆ ಆ ಕೋಳಿ ಯಾವುದೆಂದು ತಿಳಿಯಿತು. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ಅತ್ತೆ ಇನ್ನೂ ಮೊಟ್ಟೆಗೆ ಬರದ ಹ್ಯಾಟೆಯೊಂದನ್ನು ಹಿಡಿದು, ಮಗನ ಅಂಗಿಗೆ ಅದನ್ನು ಮೂರು ಸುತ್ತು ನಿವಾಳಿಸಿ, ಕಾಲಿಗೆ ಅರಿಶಿನದ ದಾರ ಕಟ್ಟಿ ಊರ ಮಾರಮ್ಮನಿಗೆ ಮೀಸಲು ಬಿಟ್ಟಿದ್ದರು. ಅವನು ಹುಷಾರಾಗಿ ಬಂದರೆ ಒಪ್ಪಿಸುತ್ತೇನೆ ಎಂದು. ಮೀಸಲು ಬಿಟ್ಟದ್ದನ್ನು ಮಾರುವಂತಿಲ್ಲ, ಮನೆಯವರು ತಿನ್ನುವಂತಿಲ್ಲ. ಮಗನೇ ಹುಷಾರಾಗಲಿಲ್ಲ, ಒಪ್ಪಿಸುವುದು ಏಕೆ? ಹಾಗಾಗಿ ಕೋಳಿ ಹಾಗೇ ಉಳಿದಿತ್ತು. ಮೊಟ್ಟೆ ಇಟ್ಟರೆ ಅದನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಕಾಲು ದಪ್ಪವಾದರೂ ದಾರ ಬಿಚ್ಚುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಇದನ್ನ ಮನೆಗೆ ತಕಂಡೋಗಣ," ಅಂದಳು ಚಿಕ್ಕವಳು.

ಒಲೆಯ ಮುಂದಿದ್ದ ಅತ್ತೆಗೆ ಕೇಳಿಸಿತು. ಎದ್ದು ಬಂದರು. "ಬ್ಯಾಡ ಕೂಸು. ಬೇರೇದ್ ಕೊಡ್ತೀನಿ. ಮರಿ ಕೊಡ್ತೀನಿ, ಹಳದಿ ಮರಿ."

"ಮರಿ ಬೇಡ. ಮರೀನ ಬೆಕ್ಕು ಹಿಡಿಯುತ್ತೆ."

"ಅದು ಮಾರವ್ವಂದು ಕಣವ್ವ," ಎಂದು ಅತ್ತೆ ಈಗ ನನ್ನ ಕಡೆ ತಿರುಗಿದರು. "ಅವಳೂ ತಕಳ್ನಿಲ್ಲ, ನಾನೂ ಕೊಡ್ನಿಲ್ಲ. ಮಕ್ಳಿರೋ ಮನೆಗೆ ಎಂಗ್ ಕಳ್ಸಾನ? ನಾಳೆ ಒಂದ್ ಜ್ವರ ಬಂದ್ರೂ ನಾನೇ ಕಳ್ಸ್ದೆ ಅಂತ ಆಯ್ತದೆ."

ನನಗೂ ಭಯವಿತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ನಾಯಿಯ ಹಲ್ಲಿಗೆ, ಮೊಲದ ಉಗುರಿಗೆ ಹೆದರಿದ ನಾನು ಆ ದಾರಕ್ಕೆ ಅದಕ್ಕಿಂತ ಹೆಚ್ಚು ಹೆದರಿದೆ. ಆದರೆ ಮಗಳ ಮಡಿಲಲ್ಲಿ ಕೋಳಿ ನಿದ್ದೆ ಮಾಡುತ್ತಿತ್ತು. ಅವಳ ಭುಜ ಕೆಳಗಿಳಿದಿತ್ತು. ಜಗಲಿಯಲ್ಲಿ ಕೂತಾಗ ಆ ಭುಜ ಸದಾ ಕಿವಿಯ ಹತ್ತಿರ ಇರುತ್ತಿತ್ತು.

"ಪೂಜಾರಪ್ಪನ್ನ ಕೇಳಿದ್ರಾ ಅತ್ತೆ?"

"ಆವಾಗ್ಲೇ ಕೇಳ್ದೆ. ಕೆಲ್ಸ ಆಗ್ದಿದ್ ಮೇಲೆ ಅವಳ ಲೆಕ್ಕಕ್ ಇಲ್ಲ, ನಿಮ್ದೇ ಅಂದ. ಅವನ್ಗೇನು, ಅಂದ್ಬುಟ್ಟ. ನನ್ಗೆ ಅದರ ಮಖ ನೋಡಕ್ಕೇ ಆಗದು. ಅದು ಅಂಗಳ್ದಲ್ಲಿ ಬಂದ್ರೆ ನಾನ್ ಒಳಕ್ ಓಯ್ತೀನಿ."

ದೊಡ್ಡವಳು ತಂಗಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಂದಿನ ಪ್ರಶ್ನೆ ಕೇಳಿದಳು. "ಅಜ್ಜಿ, ಕೋಳಿ ಎಷ್ಟು ವರ್ಷ ಬದುಕುತ್ತೆ?"

"ಯಾರಿಗ್ ಗೊತ್ತು ಮಗ," ಅಂದರು ಅತ್ತೆ. "ನಾವು ಯಾವತ್ತು ಬದುಕಕ್ ಬುಟ್ಟಿದ್ದೀವಿ?"

ಹೇಳಿದವರೇ ಒಮ್ಮೆ ಬೆಚ್ಚಿದಂತೆ ನನ್ನನ್ನು ನೋಡಿದರು. ಆಮೇಲೆ ಇಬ್ಬರಿಗೂ ನಗು ಬಂತು. ವರ್ಷದ ಮೇಲೆ ನಾನು ಅತ್ತೆಯ ಜೊತೆ ನಕ್ಕದ್ದು ಅದೇ ಮೊದಲು, ನಗುತ್ತಾ ನಗುತ್ತಾ ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು.

ನನ್ನ ಕೈಚೀಲದಲ್ಲಿ ಅಂಗಡಿಯ ಕತ್ತರಿ ಇತ್ತು. ಅದನ್ನು ತೆಗೆದು ಕೋಳಿಯ ಕಾಲಿಗೆ ಬಗ್ಗಿದೆ. ಅತ್ತೆ ಕೈ ಹಿಡಿದರು. "ಕೊಡಿಲ್ಲಿ. ನಾನ್ ಕಟ್ದೋಳು, ನಾನೇ ತಗೀತೀನಿ."

ದಾರ ಚರ್ಮದೊಳಗೆ ಇಳಿದಿತ್ತು. ಅವರಿಗೆ ಕಣ್ಣು ಸರಿಯಾಗಿ ಕಾಣದು, ದೊಡ್ಡವಳು ಮೊಬೈಲಿನ ಬೆಳಕು ಹಿಡಿದಳು. ಒಂದೊಂದೇ ಎಳೆ ಕತ್ತರಿಸಿದರು. ಬಣ್ಣ ಪೂರ್ತಿ ಹೋಗಿ, ಅರಿಶಿನದ್ದೆಂದು ಹೇಳಲಾಗದಷ್ಟು ಕಪ್ಪಾಗಿತ್ತು. ಅದನ್ನು ಅವರು ಬಿಸಾಕಲಿಲ್ಲ, ಸೊಂಟದ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು. ಗಾಯಕ್ಕೆ ಅರಿಶಿನ ಎಣ್ಣೆ ಹಚ್ಚಿದರು. ಕೋಳಿ ಇಳಿದು ಎರಡು ಹೆಜ್ಜೆ ಕುಂಟಿ, ಮೂರನೆಯದನ್ನು ಊರಿ ಇಟ್ಟಿತು.

ಬಿದಿರಿನ ಮಂಕರಿಯಲ್ಲಿ ಕೋಳಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆವು. ಮನೆ ಮಾಲೀಕರ ಹೆಂಡತಿ ನೋಡಿ, "ಸಾಕ್ಕೋ ತಾಯಿ. ಆದ್ರೆ ಸಾರು ಮಾಡ್ದ ದಿನ ನನ್ನ ಕರೀದೆ ಇದ್ರೆ ಮನೆ ಖಾಲಿ ಮಾಡ್ಸ್ತೀನಿ" ಅಂದರು. ಚಿಕ್ಕವಳು ಅವರನ್ನು ನೋಡಿದ ನೋಟಕ್ಕೆ, "ತಮಾಷೆಗಂದೆ ಕಣವ್ವ" ಎಂದು ಒಳಗೆ ಹೋದರು. ಪಶು ಆಸ್ಪತ್ರೆಯ ಹಿರಿಯರು ಕಾಲು ನೋಡಿ, ಔಷಧ ಹೇಳಿ, ಮಕ್ಕಳಿಬ್ಬರನ್ನೂ ಮುಂದೆ ನಿಲ್ಲಿಸಿಕೊಂಡು ಪಾಠ ಮಾಡಿದರು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಮುಖದ ಹತ್ತಿರ ಹಿಡಿಯಬಾರದು, ಮುತ್ತು ಕೊಡಬಾರದು. ಅಡುಗೆ ಮಾಡುವ ಕಡೆ ಬಿಡಬಾರದು. "ಮತ್ತೆ ಒಂದು ಮಾತು. ಕತ್ತಲಾಗೋಕೆ ಮುಂಚೆ ಒಳಗೆ ಸೇರಿಸ್ಬೇಕು. ಕತ್ತಲಾದ್ರೆ ಕೋಳಿಗೆ ಕಣ್ಣು ಕಾಣಾಕಿಲ್ಲ."

ಮೊದಲ ವಾರ ಸಂಜೆ ದೊಡ್ಡವಳೇ ಅದನ್ನು ಒಳಗೆ ಸೇರಿಸುತ್ತಿದ್ದಳು. ಚಿಕ್ಕವಳು ಜಗಲಿಯಿಂದಲೇ ಕಳಿಸಿಕೊಡುತ್ತಿದ್ದಳು.

ಎರಡನೇ ವಾರ ಒಂದು ದಿನ ನಾನು ಬೀದಿಯ ತಿರುವಿಗೆ ಬಂದಾಗ ಜಗಲಿ ಖಾಲಿ ಇತ್ತು. ಕೈಚೀಲ ಕಂಕುಳಲ್ಲಿ ಒತ್ತಿಕೊಂಡು ಓಡಿದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಲೈಟು ಹಾಕಿತ್ತು. ದೊಡ್ಡವಳು ಕಾಪಿ ಬರೆಯುತ್ತಿದ್ದಳು. ಚಿಕ್ಕವಳು ಮಂಕರಿಯ ಮುಂದೆ ಬೋರಲು ಮಲಗಿ, ಅದರ ಸಂದಿಯಿಂದ ಕೋಳಿಯ ಜೊತೆ ಮಾತಾಡುತ್ತಿದ್ದಳು.

"ಅಕ್ಕ ಬಟ್ಟೆ ತರಕ್ಕೆ ಮಹಡಿ ಮೇಲೆ ಹೋಗಿದ್ಲು," ಅಂದಳು ನನ್ನನ್ನು ನೋಡಿ. "ಕೋಳಿ ಬಾಗ್ಲತ್ರ ಬಂದು ನಿಂತ್ಕೊಂಡು ನನ್ನನ್ನೇ ನೋಡ್ತು. ಕತ್ತಲಾಗ್ತಿತ್ತು. ಅದಕ್ಕೆ ಕಣ್ಣು ಕಾಣಲ್ವಲ್ಲ, ಅದಕ್ಕೆ ಕರ್ಕೊಂಡು ಬಂದೆ." ಸ್ವಲ್ಪ ತಡೆದು, "ನೀನೂ ಬಂದೆ" ಅಂದಳು.

ನಾನು ಕಾಲು ತೊಳೆಯುವ ನೆಪದಲ್ಲಿ ಹೊರಗೆ ಬಂದೆ. ಜಗಲಿಯ ಮೇಲೆ ಅವಳು ಕೂರುವ ಜಾಗ ನುಣ್ಣಗಾಗಿತ್ತು. ಅಲ್ಲಿ ಕೂತೆ. ಒಂದು ವರ್ಷ ಪ್ರತಿ ಸಂಜೆ ಆ ತಿರುವಿನಲ್ಲಿ ನನ್ನನ್ನು ಕಂಡು ಒಂದು ಜೀವ ಎದ್ದು ನಿಲ್ಲುತ್ತಿತ್ತು. ಆ ಕಾಯುವುದು ತಪ್ಪಲಿ ಎಂದು ಊರೂರು ಅಲೆದೆ. ತಪ್ಪಿದ ದಿನ, ಮನೆಗೆ ಬರುವಾಗ ನನ್ನ ದಾರಿ ಕಾಯುವವರು ಇನ್ನು ಯಾರೂ ಇಲ್ಲ ಅನ್ನಿಸಿತು. ಹಿಂದೆ ನನ್ನ ಗಂಡ ಟ್ರ್ಯಾಕ್ಟರ್ ಬಿಟ್ಟು ಬರುವ ಹೊತ್ತಿಗೆ ನಾನೂ ಇದೇ ಜಗಲಿಯಲ್ಲಿ ಕೂತಿರುತ್ತಿದ್ದೆ. ಬೀದಿ ನೋಡಿದೆ. ಹಾಲಿನ ಸೈಕಲ್ ಹೋಯಿತು, ಒಬ್ಬಾಕೆ ಕೊಡ ಹಿಡಿದು ಹೋದಳು. ಕತ್ತಲಾಯಿತು.

"ಅಮ್ಮಾ," ಒಳಗಿನಿಂದ ಚಿಕ್ಕವಳು ಕೂಗಿದಳು, "ಬಾಗ್ಲು ಹಾಕ್ಕೊಂಡು ಬಾ. ಬೆಕ್ಕು ಬರುತ್ತೆ."

ಎದ್ದು ಒಳಗೆ ಹೋಗಿ ಅಗುಳಿ ಹಾಕಿದೆ.