ಸಂಚಿ ಬಿಚ್ಚುವ ಹೊತ್ತು

ಐಶ್ವರ್ಯಳ ನಾಲಿಗೆ ಬೆಳಗಿನಿಂದ ಎಡದವಡೆಯ ಸಂದಿಯನ್ನೇ ತಡಕಾಡುತ್ತಿತ್ತು. ಅಲ್ಲಿ ತಂಬಾಕಿನ ಉಂಡೆ ಕೂತಿರುತ್ತಿತ್ತು. ಈಗ ಇಲ್ಲ. ಬೆಂಡೆ ಹೊಲದ ಸಾಲಿನಲ್ಲಿ ನಿಂತು ಮೊಗ್ಗು ಸುಲಿಯುವಾಗ ಉಗುರು ತಪ್ಪಿ ಒಂದು ಮೊಗ್ಗು ಮುರಿಯಿತು. ಆಚೀಚೆ ನೋಡಿ ಅದನ್ನು ಕಾಲಿನಿಂದ ಮಣ್ಣಿಗೆ ಒತ್ತಿದಳು. ಇನ್ನೊಂದೂ ಮುರಿಯಿತು. ಹೊಟ್ಟೆಯಲ್ಲಿ ಏಳು ತಿಂಗಳ ಬಸಿರು, ಸೊಂಟದಲ್ಲಿ ಹಾರೆ ಮೀಟಿದಂಥ ನೋವು. ಅದರ ಮೇಲೆ ಈ ಬಾಯಿಯ ಕಾಟ.

ಅವಳು ಅಕ್ಕಿಆಲೂರಿನ ಅಕ್ಕಿ ಗಿರಣಿಯ ಹಮಾಲ ಉಳವಪ್ಪನ ಮಗಳು. ಪಿಯುಸಿ ಮುಗಿಸಿದವಳು. ತವರಿನಲ್ಲಿ ಮದುವೆಯ ಊಟವಾದ ಮೇಲೆ ಒಂದು ಚೂರು ಅಡಿಕೆ ಕಡಿದರೂ ಅವ್ವ ಗದರುತ್ತಿದ್ದಳು. ರಟ್ಟೀಹಳ್ಳಿ ಸೀಮೆಯ ಚನ್ನೇಶನ ಕೈ ಹಿಡಿದು ಬಂದ ಮೇಲೆ ಬದುಕು ಬೇರೆ ದಾರಿ ಹಿಡಿಯಿತು. ಚನ್ನೇಶ ಶಿಗ್ಗಾಂವಿಗೆ ಕಾಳಿನ ಚೀಲ ಹೇರುವ ಟೆಂಪೋ ಓಡಿಸುತ್ತಾನೆ. ಮನೆಗೆ ಬರುವುದು ಟೆಂಪೋಗೆ ಬಾಡಿಗೆ ಇಲ್ಲದಾಗ. ಅತ್ತೆ ದಾನವ್ವ ಬೀಜದ ಹೊಲಕ್ಕೆ ದುಡಿಯಲು ಹೋಗುವ ಹೆಂಗಸರ ಗುಂಪಿಗೆ ಹಿರಿಯಳು. ಸೊಸೆ ಬಂದ ತಿಂಗಳೊಪ್ಪತ್ತಿನಲ್ಲೇ ಅವಳನ್ನೂ ಬೆನ್ನಿಗೆ ಹಾಕಿಕೊಂಡು ಹೊರಟಳು.

ಬೀಜದ ಹೊಲದ ಕೆಲಸ ಕಣ್ಣು, ಉಗುರು ಎರಡನ್ನೂ ಬೇಡುತ್ತದೆ. ಮಧ್ಯಾಹ್ನದ ಮೇಲೆ ನಾಳೆ ಅರಳುವ ಮೊಗ್ಗನ್ನು ಗುರುತು ಹಿಡಿದು, ಸಿಪ್ಪೆ ಸುಲಿದು, ಒಳಗಿನ ಗಂಡು ಕೇಸರವನ್ನಷ್ಟೇ ಕೆರೆದು, ಕೆಂಪು ಕಾಗದದ ಟೊಪ್ಪಿಗೆ ತೊಡಿಸಬೇಕು. ಮರುದಿನ ಮುಂಜಾನೆ ಬೇರೆ ಸಾಲಿನ ಗಂಡು ಹೂ ತಂದು ಅದಕ್ಕೆ ಮುಟ್ಟಿಸಬೇಕು. ಹೂವು ಯಾರ ಸೊಂಟ ನೋವನ್ನೂ ಕಾಯುವುದಿಲ್ಲ; ಕುಳಿತರೆ ಮೇಸ್ತ್ರಿ ಶಿವಾನಂದನ ಗಂಟಲು ಹೊಲದ ಆ ತುದಿಯಿಂದ ಈ ತುದಿಗೆ ಹರಿಯುತ್ತದೆ.

ಆದರೆ ಒಂದು ಬಿಡುವಿತ್ತು. ದಾನವ್ವ ಬದುವಿನ ಬೇವಿನ ಮರದ ಕೆಳಗೆ ಕೂತು ಎಲೆಸಂಚಿ ಬಿಚ್ಚಿದಳೆಂದರೆ ಶಿವಾನಂದನೂ ಬಾಯಿ ಮುಚ್ಚುತ್ತಿದ್ದ. ಎಲೆ ಹಾಕಿಕೊಳ್ಳುವವರನ್ನು ಎಬ್ಬಿಸುವುದು ಆ ಸೀಮೆಯಲ್ಲಿ ಉಣ್ಣುವವರ ಮುಂದಿನ ತಾಟು ಎಳೆದಷ್ಟೇ ಕೆಟ್ಟದ್ದು. ಎಲೆ ಹಾಕದವರಿಗೆ ಮಾತ್ರ ಮರದ ಕೆಳಗೆ ಏನು ಕೆಲಸ? ಅವರು ಸಾಲಿನಲ್ಲೇ ಇರಬೇಕು. ಮೊದಮೊದಲು ಐಶ್ವರ್ಯ ಸಾಲಿನಲ್ಲೇ ನಿಂತು, ನೆರಳಿನಲ್ಲಿ ನಗುವವರನ್ನು ನೋಡುತ್ತಿದ್ದಳು. ಆಮೇಲೆ ಬರೀ ಎಲೆ-ಅಡಿಕೆ ಇಸಿದುಕೊಂಡಳು. ಬರೀ ಎಲೆ ಬೇಗ ಕರಗಿ ಹೋಗುತ್ತಿತ್ತು. "ಮುಗೀತಲ್ಲಬೇ, ಏಳ" ಎನ್ನುತ್ತಿದ್ದ ಶಿವಾನಂದ. ತಂಬಾಕು ಇಟ್ಟುಕೊಂಡವರು ರಸ ಇಳಿಯುವತನಕ ಅಲ್ಲಾಡುತ್ತಿರಲಿಲ್ಲ. ಹೀಗೆ ಅವಳೂ ತಂಬಾಕಿಗೆ ಕೈ ಒಡ್ಡಿದಳು. ಮೊದಲ ಸಲ ತಲೆ ಗಿರ್ರೆಂದು ತಿರುಗಿ ಬೇವಿನ ಬೊಡ್ಡೆ ತಬ್ಬಿಕೊಂಡಾಗ ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕಿದ್ದರು. ದಾನವ್ವ ಬೆನ್ನು ಸವರಿ, "ಇವತ್ತ ನಮ್ಮಾಕಿ ಆದಿ ನೋಡು" ಅಂದಿದ್ದಳು. ಅತ್ತೆಯ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು.

ಬಸಿರಾದಾಗ ವಾಂತಿ ಶುರುವಾಯಿತು. "ಒಂದೆಳಿ ತಂಬಾಕ ಜಾಸ್ತಿ ಇಟ್ಕೋ, ಬಾಯಾಗಿನ ನೀರು ನಿಲ್ತೈತಿ" ಎಂದು ದಾನವ್ವನೇ ಮಡಚಿ ಕೊಟ್ಟಳು, ಮಗಳಿಗೆ ಕೊಟ್ಟ ಹಾಗೆ.

ಹೋದ ವಾರ ಹಿರೇಕೆರೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಹೊಟ್ಟೆ ನೋಡಿ, "ಕೂಸಿನ ಬೆಳವಣಿಗೆ ಸಾಲದು" ಅಂದರು. ತಂಬಾಕು ತಿನ್ನುತ್ತೀಯಾ ಎಂದು ಕೇಳಿದರು. ಐಶ್ವರ್ಯ ತುಟಿ ಬಿಚ್ಚುವ ಮೊದಲೇ ಪಕ್ಕದಲ್ಲಿದ್ದ ದಾನವ್ವ, "ಛೇ ಛೇ, ನಮ್ಮ ಹುಡುಗಿಗೆ ಅಂಥಾ ಚಟ ಇಲ್ರಿ" ಅಂದುಬಿಟ್ಟಳು. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಅವಳ ಮಟ್ಟಿಗೆ ಚಟವೆಂದರೆ ಗಂಡಸರ ಗುಟಕಾ. ಹೆಂಗಸರು ಎಲೆಯ ಜೊತೆ ಇಡುವ ತಂಬಾಕು ಎಲೆಯ ಲೆಕ್ಕಕ್ಕೇ ಸೇರಿದ್ದು.

ಹೊರಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ನುಜಹತ ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು, "ಹಲ್ಲ ತೋರಿಸು" ಅಂದಳು. ತೋರಿಸಿದಳು.

"ನಾ ಸವಣೂರಾಗ ಎಲಿ ಮಾರೋ ಅಕ್ಬರಸಾಬನ ಮಗಳು, ತಂಗಿ. ಎಲಿ ತಿಂದ ಬಾಯಿ ಯಾವ್ದು, ತಂಬಾಕಿನ ಬಾಯಿ ಯಾವ್ದು, ನನಗ ಗೊತ್ತಾಗಂಗಿಲ್ಲೇನು? ಎಲಿ ಬಿಡು ಅಂದ್ರ ನಮ್ಮಪ್ಪ ನನ್ನ ಮನಿಗೇ ಸೇರಿಸಂಗಿಲ್ಲ. ತಂಬಾಕ ಬಿಡು. ಕೂಸಿಗೆ ಹೋಗೋ ರಕ್ತ ಕಡಿಮಿ ಮಾಡತೈತಿ ಅದು."

"ಬಿಟ್ರ ಕುಂಡ್ರಾಕ ಆಗಂಗಿಲ್ರಿ ಅಕ್ಕಾರ."

"ಏನಂದಿ?"

ಐಶ್ವರ್ಯ ಆ ಮಾತನ್ನು ಬಿಡಿಸಿ ಹೇಳುವ ಮೊದಲೇ ದಾನವ್ವ ಬಸ್ಸು ಬಂತೆಂದು ಕೂಗಿದಳು.

ಅಂದೇ ತಂಬಾಕು ಬಿಟ್ಟಳು; ಅಂದಿನಿಂದ ಶುರುವಾದದ್ದು ಈ ಚಡಪಡಿಕೆ. ಅನ್ನ ಸೇರದು, ನಿದ್ದೆ ಹತ್ತದು. ಚನ್ನೇಶ ಫೋನಿನಲ್ಲಿ ಒಂದು ಮಾತು ಕೇಳಿದರೆ ಇವಳು ನಾಲ್ಕು ಅಂದುಬಿಡುತ್ತಿದ್ದಳು. ಹೊಲದಲ್ಲಿ ಅತ್ತೆ ಮಡಚಿ ಕೊಟ್ಟ ಎಲೆ ಇಸಿದುಕೊಂಡು, ಅತ್ತ ತಿರುಗಿ ತಂಬಾಕನ್ನು ಸೆರಗಿಗೆ ಉದುರಿಸಿ, ಸೊಂಟದಲ್ಲಿ ಕಟ್ಟಿಕೊಂಡು ತಂದ ಸೋಂಪಿನ ಕಾಳು, ಬಡೇಸೋಪು, ತುಂಬಿ ಬಾಯಿಗೆ ಹಾಕುತ್ತಿದ್ದಳು. ಸೆರಗಿನ ತಂಬಾಕಿನ ವಾಸನೆ ಮೂಗಿಗೆ ಬಡಿದಾಗಲೆಲ್ಲ ಕೈ ತಾನಾಗಿ ಅತ್ತ ಹರಿಯುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟು ಕೂಡುತ್ತಿದ್ದಳು. ಆದರೂ ಕೂತಿದ್ದಳಲ್ಲ, ಅಷ್ಟು ಸಾಕಾಗಿತ್ತು.

ಇಂದೂ ಸಂಚಿ ಬಿಚ್ಚಿತು. ಎಲೆ ಸುತ್ತು ಹೊಡೆಯಿತು. ಹೆಂಗಸರು ಬದುವಿನಾಚೆ ಪಿಚಕ್ ಪಿಚಕ್ ಎಂದು ಉಗುಳುತ್ತ ಮಾತಿಗೆ ಬಿದ್ದರು. ದಾನವ್ವನ ಕಣ್ಣು ಮಾತ್ರ ಸೊಸೆಯ ಗಂಟಲ ಮೇಲಿತ್ತು.

"ನೀ ಯಾಕ ಉಗುಳವಲ್ಲಿ?"

"ಉಗುಳಿದೆ ಅತ್ತಿ."

"ಎಲ್ಲಿ ಉಗುಳಿದಿ? ಕುಂತಾಗಿಂದ ನೋಡಾಕತ್ತೇನಿ, ಗುಟುಕ್ ಗುಟುಕ್ ನುಂಗಾಕತ್ತಿ. ಹುಚ್ಚಿ! ರಸ ನುಂಗಿದ್ರ ಕೂಸಿಗೆ ಹೊಕ್ಕೈತಿ. ಉಗುಳ ಮೊದಲ!"

ಐಶ್ವರ್ಯ ಅಲ್ಲಾಡಲಿಲ್ಲ. ದಾನವ್ವ ಎದ್ದು ಬಂದು ಅವಳ ಗದ್ದ ಹಿಡಿದಳು. ಬಾಯಿಯಲ್ಲಿ ಹಸಿರು ಎಲೆಯ ಚೂರು, ಬಡೇಸೋಪಿನ ಕಾಳು.

"ಅಯ್ಯ, ಬಡೇಸೋಪು!" ಪಕ್ಕದಲ್ಲಿ ಎಲೆ ಮೆಲ್ಲುತ್ತಿದ್ದ ಗುಂಪಿನವಳು, ಮೈಲಾರಿಯ ಹೆಂಡತಿ, ಚಪ್ಪಾಳೆ ತಟ್ಟಿದಳು. "ಖಾನಾವಳಿಗೆ ಬಂದಾಳ ಐಶ್ವರ್ಯಾಬಾಯಿ! ಬಿಲ್ ಯಾರ ಕೊಡ್ತೀರಿ?"

ನಗೆಯ ಸದ್ದಿಗೆ ಶಿವಾನಂದ ಹತ್ತಿರ ಬಂದ. "ತಂಬಾಕ ಇಲ್ಲದಾಕಿ ಇಲ್ಯಾಕ ಕುಂತಾಳ? ಸಾಲಿನ್ಯಾಗ ಮೊಗ್ಗ ಕಾಯಾಕತ್ತಾವು."

ಐಶ್ವರ್ಯಳಿಗೆ ವಾರದಿಂದ ಕಟ್ಟಿಟ್ಟದ್ದು ಒಮ್ಮೆಲೇ ಒಡೆಯಿತು. "ನುಂಗಿದ್ರ ಅಷ್ಟ ಅಲ್ರಿ ಅತ್ತಿ, ಬಾಯಾಗ ಹಿಡ್ಕೊಂಡ್ರೂ ಕೂಸಿಗೆ ಹೊಕ್ಕೈತಂತ. ಅದಕ್ಕ ನಂದು ಬೆಳೀವಲ್ದು. ನನಗ ತಂಬಾಕ ಎಂದ ಬೇಕಿತ್ರಿ? ಕುಂಡ್ರಾಕ ತಿಂತಿದ್ದೆ. ಬರೇ ಕುಂಡ್ರಾಕ!"

ದಾನವ್ವ ಅವಳ ಗದ್ದ ಬಿಟ್ಟಳು. ಕೈಯಲ್ಲಿನ ಸುಣ್ಣವನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು. ತಂಬಾಕು ಹಾಕುತ್ತಲೇ ಅವಳು ಹೊತ್ತ ಚನ್ನೇಶ ಹುಟ್ಟಿದಾಗ ಅಂಗೈಯಗಲ ಇದ್ದ; ಅರಳೆಯಲ್ಲಿ ಸುತ್ತಿ ಒಲೆಯ ಬೆಚ್ಚಗಿನ ಮಗ್ಗುಲಲ್ಲಿ ಇಟ್ಟು ಉಳಿಸಿಕೊಂಡಿದ್ದರು. ಆಗ ಅವಳ ಅತ್ತೆ, "ನಮ್ಮ ವಂಶಾನ ಸಣ್ಣ ಮೈಯಿಂದು" ಅಂದಿದ್ದಳು. ದಾನವ್ವನೂ ಊರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಳು.

"ಏಳಬೇ, ಹೊತ್ತಾತು" ಅಂದ ಶಿವಾನಂದ.

"ನಿನ್ನ ಬಾಯಿಗಿಷ್ಟು ಟೊಪ್ಪಿಗಿ ಹಾಕ್ಕೊಳ್ಳೋ ಶಿವ್ಯಾ" ಎಂದಳು ದಾನವ್ವ. "ನಿಮ್ಮವ್ವ ನಿನ್ನ ನಿಂತ ಹಡದಾಳೇನು? ಎಲಿ ಹೊತ್ತಿಗೆ ಕುಂಡ್ರೋದು ನಂದೊಂದು ಹಕ್ಕು ಐತಿಲ್ಲ? ಅದನ್ನ ಈಕಿಗೆ ಕೊಟ್ಟೇನಿ. ಈಕಿ ಸಾಲಿಗೆ ನಾ ಹೊಕ್ಕೇನಿ. ನಿನಗ ಬೇಕಾದದ್ದು ಮೊಗ್ಗು ತಾನ?"

ಬಾಯಲ್ಲಿನ ತಂಬಾಕು ಉಗುಳದೆಯೇ ಅವಳು ಸಾಲಿಗೆ ಇಳಿದಳು. ಆ ವಯಸ್ಸಿಗೆ ಅದು ಬಿಡುವ ಮಾತಲ್ಲ, ಅದು ಅವಳಿಗೂ ಗೊತ್ತಿತ್ತು. ಎಲೆಸಂಚಿಯನ್ನು ಮಾತ್ರ ಮರದ ಕೆಳಗೆ ಬಿಡಲಿಲ್ಲ. ಸೊಸೆಯ ಕೈಗೆ ಎಟುಕದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಶಿವಾನಂದ ತಲೆ ಕೆರೆದುಕೊಂಡು ಆಚೆ ಸರಿದ.

ಐಶ್ವರ್ಯ ಬೊಡ್ಡೆಗೆ ಒರಗಿದಳು. ಬರಿದೇ ಕೂಡುವುದು ಹೇಗೆಂದು ತಿಳಿಯಲಿಲ್ಲ. ದವಡೆ ಸುಮ್ಮನಿರದೆ ಆಡುತ್ತಿತ್ತು, ಪಾದ ಮಣ್ಣು ಕೆದಕುತ್ತಿತ್ತು. ಎಲ್ಲರ ಕಣ್ಣು ತನ್ನ ಮೇಲಿದೆ ಅನಿಸಿ ಏಳಲು ಹೋದಳು.

"ಏಳಬ್ಯಾಡ!" ಸಾಲಿನಿಂದ ದಾನವ್ವ ಕೂಗಿದಳು, ತಿರುಗಿ ಕೂಡ ನೋಡದೆ. "ಸುಮ್ನ ಕುಂಡ್ರು."

ಮೈಲಾರಿಯ ಹೆಂಡತಿ ತನ್ನ ಎಲೆ ಮಡಚುವುದನ್ನು ನಿಲ್ಲಿಸಿ, ಪಕ್ಕಕ್ಕೆ ಸರಿದು ಕೈ ಚಾಚಿದಳು. "ಆ ಬಡೇಸೋಪು ನನಗೂ ನಾಕ ಕಾಳ ಕೊಡಬೇ. ರುಚಿ ನೋಡ್ತೇನಿ."

ಐಶ್ವರ್ಯ ಸೊಂಟದ ಗಂಟು ಬಿಚ್ಚಿದಳು. ಅರ್ಧ ಕಾಳು ಮಣ್ಣಿಗೆ ಚೆಲ್ಲಿದವು. ಅವಳು ಕೂತೇ ಇದ್ದಳು.